ಮಗಳಿಗಿರೋ ನಂಬಿಕೆ ನನಗಿಲ್ಲ, ಮತ್ತೆ ಬ್ರಷ್ ಹಿಡೀಲಾ?

ಕೇಳ್ತಿರೋದು ಮೈಸೂರಿಂದ:
ಮದುವೆಗೆ ಮುಂಚೆ ಮೈಸೂರು ಶೈಲಿ ಪೇಂಟಿಂಗ್ ಕಲ್ತಿದ್ದೆ, ಗೆಸ್ಸೋ (ಚಿತ್ರದ ಮೇಲೆ ಉಬ್ಬು ಬರೋ ಹಾಗೆ ಹಚ್ಚೋ ಲೇಪ), ಚಿನ್ನದ ರೇಕು ಎಲ್ಲಾ ಬರುತ್ತೆ. ಹೋದ ವರ್ಷ ಒಂದು ಪ್ರದರ್ಶನದಲ್ಲಿ ಇಟ್ಟೆ, ಒಂದೂ ಹೋಗ್ಲಿಲ್ಲ, ಪ್ರಿಂಟ್ ತಗೊಂಡ್ರೆ ಇದರ ಕಾಲು ಭಾಗಕ್ಕೆ ಸಿಗುತ್ತಲ್ಲ ಅಂತ ಒಬ್ರು ಮುಖಕ್ಕೇ ಅಂದ್ರು. ಆಮೇಲೆ ಕೈಯೇ ಓಡ್ತಿಲ್ಲ. ಈಗ ಒಂದನೇ ಕ್ಲಾಸ್ ಮಗಳು ಸ್ಕೂಲಲ್ಲಿ "ನಮ್ಮಮ್ಮ ಆರ್ಟಿಸ್ಟ್" ಅಂತ ಹೇಳ್ಕೊಂಡು ಬಂದಿದಾಳೆ, ಮಿಸ್ ವಿಚಾರಿಸಿದಾಗ ನನಗೆ ತಲೆ ತಗ್ಗಿಸೋ ಹಾಗಾಯ್ತು. ಮಗು ಮಾತು ನಂಬ್ಕೊಂಡು ಮತ್ತೆ ಶುರು ಮಾಡೋದು ಹುಚ್ಚುತನನಾ? ಅನುಭವ ಇರೋರು ಹೇಳಿ.

ಸಾಗರದ ಕಡೆಯಿಂದ:
ನಮ್ದು ದೀವರ ಮನೆ, ಅತ್ತೆ ಗೋಡೆ ಮೇಲೆ ನಮ್ಮ ಕಡೆಯ ಹಸೆ ಚಿತ್ತಾರ ಬರೀತಿದ್ರು, ಮದುವೆ ಮನೆಗಳಿಗೆ ಕರೆಸ್ಕೋತಿದ್ರು. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆಗೆ ಬಣ್ಣ ಹೊಡೆಸಿದ ಮೇಲೆ ಎಲ್ಲಿ ಬರೆಯೋದು ಅಂತ ಅವರೂ ಬಿಟ್ರು, ಅವರ ಹತ್ರ ಅಷ್ಟಿಷ್ಟು ಕಲ್ತಿದ್ದ ನಾನೂ ಬಿಟ್ಟೆ. ಉಳಿದಿದ್ದು ಭೂಮಿ ಹುಣ್ಣಿಮೆಲಿ ಚಿತ್ತಾರ ಬರೆದು ಗದ್ದೆಗೆ ಎಡೆ ಹೊತ್ಕೊಂಡು ಹೋಗೋ ಬುಟ್ಟಿ ಮಾತ್ರ, ಅದಕ್ಕೂ ಒಂದು ವರ್ಷ ಬರೀ ಕೆಮ್ಮಣ್ಣು ಬಳಿದು ಸಾಕು ಅಂದಿದ್ವಿ. ಆಗ ನಮ್ಮ ಹುಡುಗ, ಐದು ವರ್ಷ ಇರ್ಬೇಕು, ಬಟ್ಟಲಲ್ಲಿದ್ದ ಅಕ್ಕಿ ಹಿಟ್ಟಿಗೆ ಪುಂಡಿ ನಾರಿನ ಕುಂಚ ಅದ್ದಿ ತಾನೇ ಎಳೆಯೋಕೆ ಕೂತ. ಎಳೆ ಅಂದ್ರೆ ಹಾವು ಹರಿದ ಹಾಗೆ! ನಾನು ಒರೆಸೋಕೆ ಹೋದ್ರೆ ಅತ್ತೆ ಬಿಡ್ಲಿಲ್ಲ, ಅವನ ಪಕ್ಕದಲ್ಲೇ ಕೂತು ತಾವೊಂದು ಜೋಗಿ ಜಡೆ ಅನ್ನೋ ಚಿತ್ತಾರ ಎಳೆದ್ರು, ಕೈ ನಡುಗ್ತಿತ್ತು ಆದ್ರೂ ಎಳೆದ್ರು. ಆ ಬುಟ್ಟೀನೇ ಗದ್ದೆಗೆ ಹೋಯ್ತು. ಹುಡುಗ ದಾರಿಲಿ ಸಿಕ್ಕೋರಿಗೆಲ್ಲ ಇದು ಅಜ್ಜಿ ನಾನು ಬರೆದಿದ್ದು ಅಂತ ಹೇಳಿದ್ದೇ ಹೇಳಿದ್ದು.
ನಾನು ಗಮನಿಸಿದ್ದು ಏನಂದ್ರೆ ಅವನಿಗೆ ಚೆನ್ನಾಗಿದೆಯಾ ಇಲ್ವಾ ಅನ್ನೋ ಯೋಚನೆ ಇರ್ಲೇ ಇಲ್ಲ, ಹುಣ್ಣಿಮೆ ಬಂತು ಬುಟ್ಟಿ ಬರೀಬೇಕು, ಅಷ್ಟೇ. ನಿಮ್ಮ ಮಗಳೂ ನಿಮ್ಮನ್ನ ಹೊಗಳ್ತಿಲ್ಲ ಕಣ್ರೀ, ಅಮ್ಮನ ಕೆಲಸ ಏನು ಅಂತ ಹೇಳಿದಾಳೆ. ನಾನೀಗ ಹಬ್ಬ ಇಲ್ಲದಿದ್ರೂ ಯಾವುದಾದ್ರೂ ಒಂದು ದಿನ ಗೊತ್ತು ಮಾಡ್ಕೊಂಡು ಬರೀತೀನಿ. ಮೂಡ್ ಬರ್ಲಿ ಅಂತ ಕಾಯ್ತಾ ಕೂತ್ರೆ ಆಗೋ ಮಾತಲ್ಲ.

ಧಾರವಾಡದಿಂದ, ಡ್ರಾಯಿಂಗ್ ಮಾಸ್ತರ:
ಒಂದನೇ ಕ್ಲಾಸಿಗೆ ಹೋಗಿ ಚಿತ್ರ ತಗಿಯಾಕ ಯಾರಿಗೆ ಬರ್ತೈತಿ ಅಂದ್ರ ಎಲ್ಲಾ ಹುಡುಗ್ರೂ ಕೈ ಎತ್ತತಾವ್ರೀ, ಎರಡೂ ಕೈ ಎತ್ತೋವೂ ಇರ್ತಾವು. ಅದ ಪ್ರಶ್ನೆ ಆರನೇ ಕ್ಲಾಸಿನ್ಯಾಗ ಕೇಳ್ರಿ, ಎಲ್ಲಾರೂ ಯಾವನೋ ಒಬ್ಬನ ಕಡೆ ಬಟ್ಟ ತೋರಸ್ತಾವು, ತಾವು ರಬ್ಬರ್ ಹಿಡಕೊಂಡು ಕುಂತಿರ್ತಾವು. ಒಂಬತ್ತು ಹತ್ತು ವರ್ಷಕ್ಕ ಬಂದಾಗ ತಾವು ತಗದ ಆಕಳ ಖರೇ ಆಕಳದಂಗ ಇಲ್ಲ ಅನ್ನೋದು ಕಣ್ಣಿಗೆ ಬೀಳತೈತಿ, ಅಲ್ಲಿಂದ ಅಂಜಿಕಿ ಶುರು. ನಿಮ್ಮ ಮಗಳಿಗೂ ಆ ದಿನ ಬರ್ತೈತಿ. ಆವಾಗ ಆಕಿ ನಿಮ್ಮ ಕಡೆ ನೋಡ್ತಾಳ, ಅವ್ವ ಕೆಟ್ಟ ಚಿತ್ರ ಬಂದಾಗ ಏನ್ ಮಾಡಿದ್ಲು ಅಂತ.

ಮೈಸೂರಿಂದ:
ನಾನೂ ಮೈಸೂರೇ. ಊರಲ್ಲೇ ಇದೀರಲ್ಲ, ಮಗೂನ ಜಗನ್ಮೋಹನ ಅರಮನೆ ಗ್ಯಾಲರಿಗೆ ಕರ್ಕೊಂಡು ಹೋಗಿ. ದೀಪ ಹಿಡಿದಿರೋ ಹೆಂಗಸಿನ ಚಿತ್ರ ಇದೆಯಲ್ಲ, ಎಷ್ಟೋ ಜನ ರವಿವರ್ಮನದು ಅಂದ್ಕೊಂಡಿರ್ತಾರೆ, ಅದು ಹಲ್ದಂಕರ್ ಅನ್ನೋ ಕಲಾವಿದರು ಜಲವರ್ಣದಲ್ಲಿ ಮಾಡಿದ್ದು, ದೀಪ ಹಿಡಿದು ನಿಂತೋಳು ಅವರ ಸ್ವಂತ ಮಗಳು ಗೀತಾ. ಅಪ್ಪ ಬರೀಲಿ ಅಂತ ಅಲ್ಲಾಡದೆ ನಿಲ್ಲೋದೂ ಸಣ್ಣ ನಂಬಿಕೆ ಅಲ್ಲ. ನನ್ನ ಮಗ ಅಲ್ಲಿ ಕೇಳಿದ್ದು ಮಾತ್ರ ಬೇರೆ, ಇವರಿಗೆಲ್ಲ ದುಡ್ಡು ಯಾರು ಕೊಡ್ತಿದ್ರು ಅಂತ! ಮಹಾರಾಜರು ಅಂದೆ. ನಮಗೆ ಯಾರು ಕೊಡ್ತಾರೆ ಅಂದ. ಅದಕ್ಕೆ ಉತ್ತರ ಇರ್ಲಿಲ್ಲ, ಐಸ್‌ಕ್ರೀಮ್ ಕೊಡಿಸಿದೆ.

ಬೆಂಗಳೂರಿಂದ:
ಮೇಲಿನವರೆಲ್ಲ ಚೆನ್ನಾಗಿ ಹೇಳಿದಾರೆ, ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ, ಬೇಜಾರಾಗ್ಬೇಡಿ. ಮಗುವಿನ ನಂಬಿಕೆ ಇಟ್ಕೊಂಡು ನೀವು ಕೂತು ಕೆಲಸ ಮಾಡ್ಬಹುದು, ಬಾಡಿಗೆ ಕಟ್ಟೋಕಾಗಲ್ಲ. ಈಗಿರೋ ಆದಾಯ ಬಿಟ್ಟು ಧುಮುಕ್ಬೇಡಿ. ಇನ್ನೊಂದು, ಪ್ರತಿ ಸಲ ಮಾರಾಟ ಆಯ್ತಾ ಇಲ್ವಾ ಅನ್ನೋದನ್ನ ಮಗು ಮುಂದೆ ಆಡ್ಕೋಬೇಡಿ, ಅಮ್ಮ ಗೆಲ್ಲಲಿ ಅನ್ನೋ ಭಾರ ಆರು ವರ್ಷದ ಮಗೂಗೆ ಯಾಕೆ.
ಪ್ರಿಂಟ್ ಮಾತಿಗೆ ನಾನು ಕಂಡ್ಕೊಂಡ ಉಪಾಯ ಹೇಳ್ತೀನಿ: ಅರ್ಧ ಆಗಿರೋ ಒಂದು ಬೋರ್ಡ್ ಪಕ್ಕದಲ್ಲೇ ಇಡಿ, ಒಂದು ಕಡೆ ಬರೀ ಸ್ಕೆಚ್, ಒಂದು ಕಡೆ ಗೆಸ್ಸೋ ಎಬ್ಬಿಸಿರೋದು, ಇನ್ನೊಂದು ಕಡೆ ರೇಕು ಅಂಟಿಸಿರೋದು. ಬಂದೋರಿಗೆ ಬೆರಳಾಡಿಸೋಕೆ ಬಿಡಿ. ಮೈಸೂರು ಗೆಸ್ಸೋ ತಂಜಾವೂರಿನಷ್ಟು ಉಬ್ಬಿರಲ್ಲ, ದೂರದಿಂದ ನೋಡಿದ್ರೆ ಪ್ರಿಂಟ್ ಅಂದ್ಕೊಳ್ಳೋದು ಸಹಜ, ಕೈಗೆ ತಾಕಿದ್ರೆ ರೇಟ್ ಬಗ್ಗೆ ಮಾತು ಅರ್ಧಕ್ಕರ್ಧ ಕಮ್ಮಿ ಆಗುತ್ತೆ. ದೊಡ್ಡ ಪಟ್ಟಾಭಿಷೇಕದ ಜೊತೆ ಅಂಗೈ ಅಗಲದ ಗಣಪತಿ, ಲಕ್ಷ್ಮೀನೂ ಮಾಡಿ, ನನಗೆ ಖರ್ಚಿನ ದುಡ್ಡು ಹುಟ್ಟಿಸೋದು ಅವೇ.
ಕುಮಾರಕೃಪಾ ರಸ್ತೆ ಚಿತ್ರಸಂತೆಗೂ ಒಂದ್ಸಲ ಪ್ರಯತ್ನ ಮಾಡಿ, 2003ರಿಂದ ಚಿತ್ರಕಲಾ ಪರಿಷತ್ತು ನಡೆಸ್ತಿದೆ, ಚಿತ್ರ ಕೊಳ್ಳೋಕೇ ಅಂತ ಬರೋ ಜನ ಅಲ್ಲಿ ಸಿಗ್ತಾರೆ. ಸಂತೆ ಜನವರಿಲಿ ಅಂತ ಸುಮ್ನಿರ್ಬೇಡಿ, ಅರ್ಜಿ ಅದಕ್ಕೂ ಎಷ್ಟೋ ಮುಂಚೆ ಕರೀತಾರೆ.