ಸಹಾಯ ಬೇಕು: ಕಲಿಕೆಯ ಉದ್ದೇಶಗಳನ್ನು ಯಾವ ಹಂತಕ್ಕೆ ಸೇರಿಸಬೇಕು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಯನಗರದ ಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು, ಎಂಟನೆಯ ತರಗತಿಗೆ ನಗರದ ಕೆರೆಗಳ ಮಾಲಿನ್ಯವನ್ನು ಕುರಿತು ಒಂದು ಘಟಕವನ್ನು ರೂಪಿಸುತ್ತಿದ್ದೇನೆ.

ಬಿ.ಎಡ್. ದಿನಗಳಿಂದಲೂ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ವಿಂಗಡಣೆಯಲ್ಲೇ ಪಾಠಯೋಜನೆ ಬರೆದು ರೂಢಿಯಾಗಿರುವ ನನಗೆ, ಕಲಿಕೆಯ ಉದ್ದೇಶಗಳನ್ನು ಆಲೋಚನೆಯ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವ 1956ರ ಬ್ಲೂಮ್ ವರ್ಗೀಕರಣವನ್ನು 2001ರಲ್ಲಿ ಆ್ಯಂಡರ್ಸನ್ ಮತ್ತು ಕ್ರಾಥ್‌ವಾಲ್ ಪರಿಷ್ಕರಿಸಿ, ನೆನಪಿಸಿಕೊಳ್ಳುವುದರಿಂದ ಸೃಷ್ಟಿಸುವವರೆಗಿನ ಆರು ಹಂತಗಳನ್ನು ಕ್ರಿಯಾಪದಗಳಲ್ಲಿ ಹೇಳಿದ ರೀತಿ ಹೆಚ್ಚು ಉಪಯುಕ್ತವೆನಿಸಿದೆ. ತೊಡಕಿರುವುದು ಆ ಕ್ರಿಯಾಪದಗಳಲ್ಲೇ. ‘ಬೆಳ್ಳಂದೂರು ಕೆರೆಯಲ್ಲಿ ನೊರೆ ಏಳಲು ಕಾರಣಗಳನ್ನು ವಿವರಿಸುವನು’ ಎಂಬ ಉದ್ದೇಶವನ್ನೇ ನೋಡಿ: ಸಂಸ್ಕರಿಸದ ಕೊಳಚೆ ನೀರು, ಮಾರ್ಜಕ, ರಂಜಕ ಎಂದು ನಾನು ಹಿಂದಿನ ದಿನ ಬರೆಸಿದ್ದನ್ನೇ ವಿದ್ಯಾರ್ಥಿ ಒಪ್ಪಿಸಿದರೆ ಅದು ಬರೀ ಸ್ಮರಣೆ, ಆದರೆ ತಾನು ಹಿಂದೆ ನೋಡಿರದ ನೀರಿನ ಪರೀಕ್ಷಾ ಅಂಕಿಗಳಿಂದ ಅದೇ ನಿರ್ಣಯಕ್ಕೆ ಬಂದರೆ ನಿಸ್ಸಂದೇಹವಾಗಿ ವಿಶ್ಲೇಷಣೆ. ಹೀಗಿರುವಾಗ ಕ್ರಿಯಾಪದಗಳ ಪಟ್ಟಿಯನ್ನಷ್ಟೇ ನೋಡಿ ಹಂತವನ್ನು ನಿರ್ಧರಿಸುವುದು ಮಕ್ಕಳ ಆಲೋಚನೆಗೆ ಅನ್ಯಾಯ ಮಾಡಿದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರಿಷ್ಕೃತ ರೂಪದಲ್ಲಿ ಜ್ಞಾನಕ್ಕೇ ಪ್ರತ್ಯೇಕ ಆಯಾಮವಿದ್ದು, ಅದರಲ್ಲಿ ವಾಸ್ತವಾಂಶ, ಪರಿಕಲ್ಪನೆ, ವಿಧಾನ ಹಾಗೂ ಸ್ವಂತ ಚಿಂತನೆಯ ಅರಿವು (ಮೆಟಾಕಾಗ್ನಿಷನ್) ಎಂಬ ನಾಲ್ಕು ಬಗೆಗಳಿವೆ. ಒಂದು ಕಡೆ ಆ ಆರು ಹಂತಗಳು, ಇನ್ನೊಂದು ಕಡೆ ಈ ನಾಲ್ಕು ಬಗೆಗಳಿರುವ ಎರಡು ಆಯಾಮಗಳ ಕೋಷ್ಟಕವನ್ನು ಕನ್ನಡ ಮಾಧ್ಯಮದ ಘಟಕ ಯೋಜನೆಯಲ್ಲಿ ಬಳಸಿದವರು ದಯವಿಟ್ಟು ತಮ್ಮ ಮಾದರಿಯನ್ನು ಹಂಚಿಕೊಳ್ಳುವಿರಾ? ‘ಮೆಟಾಕಾಗ್ನಿಷನ್’ ಪದಕ್ಕೆ ತಾವು ತರಗತಿಯಲ್ಲಿ ಬಳಸುವ ಕನ್ನಡ ಪದವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.