ದೂರದ ಜಿಂಕೆ ಬೇಟೆಗೆ ಯಾವ ಕ್ಯಾಲಿಬರ್? ಕೊಲರಾಡೋ ಕನ್ನಡಿಗರ ಅನುಭವ

ಪ್ರಶ್ನೆ: ಡೆನ್ವರ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಮ್ಯೂಲ್ ಡೀರ್ (ಇಲ್ಲಿನ ಒಂದು ಜಾತಿಯ ಜಿಂಕೆ) ಬೇಟೆಗೆ ಮೊದಲ ರೈಫಲ್ ಕೊಳ್ಳಬೇಕು. ಯಾವ ಕ್ಯಾಲಿಬರ್ (ಗುಂಡಿನ ದಪ್ಪ, ತೋಟಾದ ಬಗೆ) ಒಳ್ಳೆಯದು? ಬಯಲು ಜಾಗ, 400 ಗಜದ ಹೊಡೆತವೂ ಬರಬಹುದಂತೆ. ಅಂಗಡಿಯವರು 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ (ಹೆಚ್ಚು ಮದ್ದಿನ, ಜೋರಾದ ತೋಟಾ) ತಗೊಳ್ಳಿ ಅಂದರು. ಬೇಟೆಯಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಸರ್, ಮೊದಲು ವೀಸಾ ವಿಷಯ. ಎಚ್-1ಬಿಯವರು ಇಲ್ಲಿ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿ, ಲೈಸೆನ್ಸ್ ಕೈಗೆ ಬಂದಮೇಲೆ ಅಂಗಡಿಗೆ ಹೋಗಿ.

ಕ್ಯಾಲಿಬರ್ ಕೇಳಿದರೆ ನನ್ನ ಮತ 6.5 ಕ್ರೀಡ್‌ಮೋರ್‌ಗೆ. ಜಿಂಕೆಗೆ ಕೊಲರಾಡೋ ಕಾನೂನು ಕೇಳುವುದು ಕನಿಷ್ಠ .24 ಕ್ಯಾಲಿಬರ್ (0.24 ಇಂಚು ದಪ್ಪ), 70 ಗ್ರೇನ್ ತೂಕದ ಗುಂಡು (15 ಗ್ರೇನ್ ಅಂದರೆ ಸುಮಾರು ಒಂದು ಗ್ರಾಂ). ಇದು ಅದಕ್ಕಿಂತ ಎಷ್ಟೋ ಮೇಲಿದೆ. 143 ಗ್ರೇನ್ ಗುಂಡಿಗೆ 200 ಗಜಕ್ಕೆ ಸ್ಕೋಪ್ (ರೈಫಲ್ ಮೇಲಿನ ಗುರಿ ದುರ್ಬೀನು) ಹೊಂದಿಸಿದರೆ, 400 ಗಜದಲ್ಲಿ ಅದು ಎರಡು ಅಡಿಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ಅದನ್ನು ಸ್ಕೋಪ್‌ನ ತಿರುಪು ತಿರುಗಿಸಿ ಸರಿಮಾಡಬಹುದು.

ಗಾಳಿ ಹಾಗಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಅದೇ ದೂರದಲ್ಲಿ ಗುಂಡು ಎಂಟೊಂಬತ್ತು ಇಂಚು ಪಕ್ಕಕ್ಕೆ ಸರಿಯುತ್ತದೆ. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗದ ಅಗಲವೇ ಸುಮಾರು ಅಷ್ಟು. ಗಾಳಿ ಲೆಕ್ಕ ತಪ್ಪಿದರೆ ಗುಂಡು ಹೊಟ್ಟೆಗೆ ಬೀಳುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಮ್ಯಾಗ್ನಮ್ ತಗೊಂಡರೆ ಈ ಸರಿತದಲ್ಲಿ ಕಡಿಮೆಯಾಗುವುದು ಒಂದು ಇಂಚಿನಷ್ಟು. ಭುಜಕ್ಕೆ ಬೀಳುವ ಹೊಡೆತ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಹೊಸಬರು ಆ ಹೊಡೆತಕ್ಕೆ ಹೆದರಿ ಟ್ರಿಗರ್ ಜಗ್ಗಿಬಿಡುತ್ತಾರೆ. ಅಭ್ಯಾಸವೂ ಕಡಿಮೆಯಾಗುತ್ತದೆ. ಅಂಗಡಿಯವರ ಸಲಹೆ ನನಗೆ ಒಪ್ಪಿಗೆಯಿಲ್ಲ.

ಉತ್ತರ 2: ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು, ಬೇಟೆ ಕಲಿತದ್ದು ಮಾತ್ರ ಇಲ್ಲಿ ಬಂದಮೇಲೆ. ನನ್ನದು .270 ವಿಂಚೆಸ್ಟರ್. 1925ರಿಂದ ಇರುವ ತೋಟಾ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. 130 ಗ್ರೇನ್ ಗುಂಡು ಹಾಕಿ 200 ಗಜಕ್ಕೆ ಹೊಂದಿಸಿದರೆ 300 ಗಜದಲ್ಲಿ ಇಳಿಯುವುದು ಆರೇಳು ಇಂಚು, ಅಷ್ಟೇ.

ಆದರೆ 400 ಗಜದ ಮಾತನ್ನೇ ಮೊದಲ ವರ್ಷ ಬಿಡಿ. ಅಷ್ಟು ದೂರಕ್ಕೆ ಗುಂಡು ತಲುಪಲು ಸುಮಾರು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಮೇಯುವ ಜಿಂಕೆ ಒಂದು ಹೆಜ್ಜೆ ಮುಂದಿಡುತ್ತದೆ. ಇದಕ್ಕೆ ಯಾವ ಕ್ಯಾಲಿಬರ್‌ನಲ್ಲೂ ಪರಿಹಾರವಿಲ್ಲ ಅಲ್ವಾ? ಹಳ್ಳದ ಮರೆಯಲ್ಲಿ ನಡೆದು 250 ಗಜಕ್ಕೆ ಬನ್ನಿ. ರೇಂಜ್‌ನಲ್ಲಿ (ಗುಂಡು ಹಾರಿಸುವ ಅಭ್ಯಾಸದ ಮೈದಾನ) ಬೆಂಚ್ ಬಿಟ್ಟು, ನೆಲದ ಮೇಲೆ ಕೂತು, ಬ್ಯಾಗ್‌ಗೆ ಒರಗಿಸಿ ಹೊಡೆಯಿರಿ. ಗುಂಡುಗಳೆಲ್ಲ ಎಂಟಿಂಚಿನ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ.

ಉತ್ತರ 3: ಇಬ್ಬರ ಮಾತಿಗೂ ನನ್ನ ಒಪ್ಪಿಗೆ ಇದೆ. ಒಂದು ಸೇರಿಸುತ್ತೇನೆ. ಹೊಡೆದ ತಕ್ಷಣ ಓಡಬೇಡಿ. ನಿಂತಲ್ಲಿಂದಲೇ ಜಿಂಕೆ ಇದ್ದ ಜಾಗದ ಫೋಟೋ ತೆಗೆಯಿರಿ, ರೇಂಜ್‌ಫೈಂಡರ್‌ನ (ದೂರ ಅಳೆಯುವ ಸಾಧನ) ಅಂಕಿ ಬರೆದುಕೊಳ್ಳಿ. ನೀವು ನಿಂತ ಜಾಗಕ್ಕೆ ಕಿತ್ತಳೆ ಪಟ್ಟಿ ಕಟ್ಟಿ. ಸೇಜ್ ಪೊದೆಗಳ ನಡುವೆ ಅಷ್ಟು ದೂರ ನಡೆದುಹೋದರೆ ಎಲ್ಲ ಪೊದೆಯೂ ಒಂದೇ ಥರ ಕಾಣುತ್ತದೆ. ರಕ್ತದ ಗುರುತು ಸಿಗದಿದ್ದರೆ ಪಟ್ಟಿಯ ಕಡೆ ತಿರುಗಿ ದೂರ ಅಳೆದು ಮತ್ತೆ ಹುಡುಕಿ.