ಗೇಮ್ ಆಡುವಾಗ ಪದೇಪದೇ ಬ್ಲೂ ಸ್ಕ್ರೀನ್. ನಿಮಗೆ ಏನು ಮಾಡಿದ ಮೇಲೆ ಸರಿಹೋಯಿತು?

ನಿದ್ದೆಗೆಟ್ಟವ: ಮೂರು ವಾರದಿಂದ ದಿನಕ್ಕೆ ನಾಲ್ಕೈದು ಸಲ ಬ್ಲೂ ಸ್ಕ್ರೀನ್, ವಿಂಡೋಸ್ ಎರರ್ ತೋರಿಸಿ ನಿಂತೇಹೋಗುತ್ತದೆ. ಗೇಮ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಸ್ಪೀಕರ್ ಒಂದೇ ಸದ್ದನ್ನು ಗರ್ರ್ ಅಂತ ಕೊರೆಯುತ್ತದೆ, ಆಮೇಲೆ ಪರದೆ ನೀಲಿ. ಎರರ್ ಹೆಸರು ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅನ್ನುತ್ತದೆ, ಒಮ್ಮೆ ಐಆರ್‌ಕ್ಯೂಎಲ್. ರ‍್ಯಾಮ್ 8 ಜಿಬಿಯ ಎರಡು ಸ್ಟಿಕ್, ಡಿಡಿಆರ್4, 3600 ವೇಗದಲ್ಲಿ ಓಡುತ್ತಿದೆ. ವಿಂಡೋಸ್ ಹೊಸದಾಗಿ ಹಾಕಿದ್ದೂ ಆಯಿತು. ಇದೇ ಪಾಡು ಪಟ್ಟವರು ಇದ್ದೀರಾ?

ಹಳೇ ಸ್ಲಾಟ್: ನಾನು ಆರು ತಿಂಗಳು ಒದ್ದಾಡಿದೆ. ಮೊದಲು ಗ್ರಾಫಿಕ್ಸ್ ಕಾರ್ಡ್ ಅಂದುಕೊಂಡೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನುವ ಡ್ರೈವರ್ ತೆಗೆಯುವ ಟೂಲ್‌ನಿಂದ ಡ್ರೈವರ್ ಕಿತ್ತು ಮತ್ತೆ ಹಾಕಿದ್ದು ಹನ್ನೊಂದು ಸಲ. ಆಮೇಲೆ ಹೊಸ ಎಸ್‌ಎಸ್‌ಡಿ, ಹೊಸ ಕೂಲರ್. ಎರಡೂ ದಂಡ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಮೊದಲ ಪಾಸ್‌ನಲ್ಲಿ, ಅಂದರೆ ಟೆಸ್ಟ್‌ನ ಮೊದಲ ಸುತ್ತಿನಲ್ಲಿ, ಒಂದು ಎರರ್ ಕೂಡ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಮೂರನೇ ಪಾಸ್‌ನಲ್ಲಿ ಪರದೆ ತುಂಬ ಕೆಂಪು ಸಾಲು, 214 ಎರರ್. ಒಂದೊಂದೇ ಸ್ಟಿಕ್ ಹಾಕಿ ನೋಡಿದೆ. ಒಂದು ಸರಿಯಿತ್ತು, ಇನ್ನೊಂದು ಐದೇ ನಿಮಿಷಕ್ಕೆ ಸಿಕ್ಕಿಬಿತ್ತು. ವಾರಂಟಿಗೆ ಕೇಳಿದರೆ, ಜೋಡಿಯಾಗಿ ಕೊಂಡಿದ್ದು, ಎರಡನ್ನೂ ಕಳಿಸಿ ಅಂದರು. ಇಪ್ಪತ್ತಾರು ದಿನ ಪಿಸಿ ಸುಮ್ನೆ ಬಿದ್ದಿತ್ತು. ನಾಲ್ಕು ಪಾಸ್ ಮುಗಿಯುವ ತನಕ ಯಾರ ಮಾತೂ ಕೇಳಬೇಡಿ.

ಎರಡು ಕೇಬಲ್: ಎಲ್ಲರೂ ರ‍್ಯಾಮ್ ರ‍್ಯಾಮ್ ಅಂತಲೇ ಅನ್ನುತ್ತಾರೆ. ನಾನೂ ನಂಬಿ ಹೊಸ ಜೋಡಿ ತಂದೆ. ಮಾರನೇ ದಿನವೇ ವೀಯಾ ಅನ್‌ಕರೆಕ್ಟೆಬಲ್ ಎರರ್, ಅಂದರೆ ಹಾರ್ಡ್‌ವೇರ್ ತಪ್ಪು. ಕೆಲವು ಸಲ ನೀಲಿಯೂ ಇಲ್ಲ, ಸೀದಾ ರೀಸ್ಟಾರ್ಟ್. ವಿಂಡೋಸ್‌ನ ಲಾಗ್ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಸಾಲುಸಾಲಾಗಿ ಕರ್ನಲ್-ಪವರ್ 41. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಆ 41 ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಇದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಪವರ್ ಸಪ್ಲೈಯಿಂದ ಒಂದೇ ಕೇಬಲ್ ಎಳೆದು, ಅದರ ತುದಿಯ ಎರಡೂ ಕನೆಕ್ಟರ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದ್ದೆ. ಬೇರೆ ಬೇರೆ ಎರಡು ಕೇಬಲ್ ಹಾಕಿದೆ, ಅರ್ಧ ಕಡಿಮೆಯಾಯಿತು. 550 ವ್ಯಾಟ್ ಪವರ್ ಸಪ್ಲೈ ತೆಗೆದು 750 ಹಾಕಿದೆ, ಪೂರ್ತಿ ನಿಂತಿತು. ಹದಿನಾಲ್ಕು ತಿಂಗಳಾಯಿತು. ಪವರ್ ಸಪ್ಲೈ ಬದಲಿಸಿದರೆ ಹಳೆಯದರ ಕೇಬಲ್ ಮಾತ್ರ ಉಳಿಸಿಕೊಳ್ಳಬೇಡಿ. ಪಿನ್ ಜೋಡಣೆ ಬೇರೆ ಇದ್ದರೆ ಬೋರ್ಡೇ ಸುಟ್ಟುಹೋಗಬಹುದು.

ಹಳೇ ಸ್ಲಾಟ್: ಅವರು ಬರೆದಿರುವುದು ಮೆಮೊರಿ ಮ್ಯಾನೇಜ್‌ಮೆಂಟ್, ವೀಯಾ ಅಲ್ಲ. ಪ್ರಶ್ನೆ ಓದಿ ಬರೆಯಿರಿ.

ಎರಡು ಕೇಬಲ್: ಓದಿದ್ದೇನೆ ಸ್ವಾಮಿ. ಕರೆಂಟ್ ಸರಿಯಾಗಿ ಸಿಗದಿದ್ದರೆ ದಿನಕ್ಕೊಂದು ಹೆಸರಿನ ಎರರ್ ಬರುತ್ತದೆ. ನಿಮ್ಮಂಥವರ ಮಾತು ಕೇಳಿಯೇ ನಾನು ಬೇಡದ ರ‍್ಯಾಮ್ ಕೊಂಡಿದ್ದು.

ಬಯಾಸ್ ಮೊದಲು: ಇಬ್ಬರೂ ದುಡ್ಡು ಸುರಿದಿದ್ದೀರಿ. ನಾನು ಒಂದು ಸ್ಕ್ರೂ ಕೂಡ ಕೊಳ್ಳಲಿಲ್ಲ. ಬಯಾಸ್‌ಗೆ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಡಬ್ಬಿ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆಫ್ ಮಾಡಿದೆ, ರ‍್ಯಾಮ್ 2133ಕ್ಕೆ ಇಳಿಯಿತು, ಬ್ಲೂ ಸ್ಕ್ರೀನ್ ಹೋಯಿತು. ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ 3200ಕ್ಕೆ ಇಟ್ಟೆ. ಎಕ್ಸ್‌ಎಂಪಿ ಅಂದರೆ ಓವರ್‌ಕ್ಲಾಕೇ, ನಿಗದಿತ ವೇಗ ಮೀರಿ ಓಡಿಸುವುದು. ಡಬ್ಬಿ ಮೇಲೆ 3600 ಅಂತ ಇದ್ದರೂ ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್ ಅದನ್ನು ತಡೆದುಕೊಳ್ಳಬೇಕಲ್ವಾ?

ಹಳೇ ಸ್ಲಾಟ್: 3600 ಅಂತ ಬರೆದು ದುಡ್ಡು ತಗೊಂಡ ಮೇಲೆ 3600 ಓಡಲೇಬೇಕು. ಇಳಿಸಿ ಓಡಿಸುವುದು ರೋಗ ಮುಚ್ಚಿಟ್ಟಂತೆ. ನಿಮ್ಮ ಸ್ಟಿಕ್ಕೂ ಕೆಟ್ಟಿರಬಹುದು, ಟೆಸ್ಟ್ ಮಾಡಿದ್ದೀರಾ?

ಬಯಾಸ್ ಮೊದಲು: ಮಾಡಿದ್ದೇನೆ. ನಾಲ್ಕೂ ಪಾಸ್, ಒಂದು ಎರರ್ ಇಲ್ಲ. ನೋಡದೆ ನನ್ನ ರ‍್ಯಾಮ್‌ಗೆ ಹೆಸರಿಡಬೇಡಿ.

ಮೂಲೆ ಮೇಜು: ಸಿಪಿಯು ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ! ಇಂಟೆಲ್ 13 ಅಥವಾ 14ನೇ ತಲೆಮಾರಿನ ಐ7, ಐ9 ಆಗಿದ್ದರೆ ದಾರಿಯೇ ಬೇರೆ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಸಿಪಿಯು ಕೆಡುವ ತೊಂದರೆ ಇತ್ತು. ಅದಕ್ಕೆ 2024ರ ಆಗಸ್ಟ್‌ನಲ್ಲಿ ಇಂಟೆಲ್‌ನಿಂದ ಮೈಕ್ರೋಕೋಡ್ (ಸಿಪಿಯು ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂತು, ವಾರಂಟಿಯನ್ನೂ 2 ವರ್ಷ ಜಾಸ್ತಿ ಮಾಡಿದರು.

ನಿದ್ದೆಗೆಟ್ಟವ: ನನ್ನದು ರೈಜೆನ್ 5 5600. ಎಕ್ಸ್‌ಎಂಪಿ ಆಫ್ ಮಾಡಿ ಎರಡು ಗಂಟೆ ಆಡಿದೆ, ಇನ್ನೂ ಬಂದಿಲ್ಲ. ರಾತ್ರಿ ಮೆಮ್‌ಟೆಸ್ಟ್‌ಗೆ ಬಿಡುತ್ತೇನೆ.

ಬಯಾಸ್ ಮೊದಲು: 5600ಕ್ಕೆ ಅದನ್ನು ಮಾಡುವ ಎಎಂಡಿ ಹೇಳಿರುವ ರ‍್ಯಾಮ್ ವೇಗವೇ 3200. ಈಗಲಾದರೂ ಒಪ್ಪುತ್ತೀರಾ, ಹಳೇ ಸ್ಲಾಟ್?

ಹಳೇ ಸ್ಲಾಟ್: ಮೆಮ್‌ಟೆಸ್ಟ್ ಮುಗಿಯಲಿ, ಆಮೇಲೆ ಮಾತಾಡೋಣ.

ಎರಡು ಕೇಬಲ್: ಎರಡು ಗಂಟೆ ಏನೇನೂ ಸಾಲದು. ನನ್ನದು ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಬಂತು. ಕಾರ್ಡಿಗೆ ಎಷ್ಟು ಕೇಬಲ್ ಎಳೆದಿದ್ದೀರಿ, ಅದನ್ನು ಇನ್ನೂ ಹೇಳಲೇ ಇಲ್ಲ.